‘ಅರ್ಥ ಆಯ್ತಾ?’ ಅಂದ್ರೆ ‘ಆಯ್ತು’ ಅಂತಾರೆ, ಟೆಸ್ಟ್‌ನಲ್ಲಿ ಯಾಕೆ ಬರೆಯಲ್ಲ?

ಪ್ರಶ್ನೆ: ನಾನು ಆರು ಮತ್ತು ಏಳನೇ ತರಗತಿಗೆ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ಒಂದೊಂದು ತರಗತಿಯಲ್ಲಿ ನಲವತ್ತಕ್ಕೂ ಜಾಸ್ತಿ ಮಕ್ಕಳಿದ್ದಾರೆ. ಪಾಠ ಮುಗಿಸಿ ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ಒಟ್ಟಿಗೆ ‘ಆಯ್ತು’ ಅನ್ನುತ್ತಾರೆ. ತಿಂಗಳ ಟೆಸ್ಟ್ ನೋಡಿದರೆ ಅರ್ಧ ಜನಕ್ಕೆ ಏನೂ ಬಂದಿರುವುದಿಲ್ಲ. ಟೆಸ್ಟ್ ಜಾಸ್ತಿ ಮಾಡಿ ಅನ್ನುತ್ತಾರೆ ಮುಖ್ಯ ಶಿಕ್ಷಕರು. ಈಗಿರುವ ಪೇಪರ್ ತಿದ್ದುವುದರಲ್ಲೇ ರಾತ್ರಿ ಹನ್ನೊಂದಾಗುತ್ತದೆ. ಪ್ರತಿ ತಪ್ಪಿನ ಪಕ್ಕದಲ್ಲೂ ಬರೆದು ಕೊಡುತ್ತೇನೆ, ಮಕ್ಕಳು ಅಂಕ ನೋಡಿ ಪೇಪರ್ ಮಡಚಿ ಬ್ಯಾಗಿಗೆ ಹಾಕುತ್ತಾರೆ. ಒಬ್ಬಳು ಹುಡುಗಿ ಬಾಯಲ್ಲಿ ಎಲ್ಲ ಚೆನ್ನಾಗಿ ಹೇಳುತ್ತಾಳೆ, ಬರೆಯಲು ಕೂತರೆ ಏನೂ ಇಲ್ಲ. ಇನ್ನೊಬ್ಬ ಹುಡುಗ ಬಾಯಿಪಾಠದಲ್ಲಿ ಮುಂದು, ಪ್ರಶ್ನೆ ಸ್ವಲ್ಪ ತಿರುಗಿಸಿದರೆ ಸುಮ್ಮನಾಗುತ್ತಾನೆ. ಇಬ್ಬರಿಗೂ ಕೊಡುವ ಅಂಕದ ಮೇಲೆ ನನಗೇ ನಂಬಿಕೆ ಇಲ್ಲ. ಅಂಕ ಕೊಡುವುದನ್ನು ಬಿಟ್ಟರೆ ಮಕ್ಕಳು ಓದುವುದನ್ನೂ ಬಿಡುತ್ತಾರೆ ಅಂತ ಭಯ. ಮಕ್ಕಳು ಕಲಿತಿದ್ದಾರಾ ಅಂತ ಸರಿಯಾಗಿ ತಿಳಿದುಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಬುಡದಲ್ಲಿರುವ ಚಿಂತೆ ಒಂದೇ. ಮಗು ಕಲಿತಿಲ್ಲ ಅಂತ ನಿಮಗೆ ಗೊತ್ತಾಗುವಷ್ಟರಲ್ಲಿ ಪಾಠ ಎರಡು ಅಧ್ಯಾಯ ಮುಂದೆ ಹೋಗಿರುತ್ತದೆ. ಹಿಂದೆ ಹೋಗಿ ಕಲಿಸಲು ಸಮಯ ಇರುವುದಿಲ್ಲ. ಅಂದರೆ ರಾತ್ರಿ ಹನ್ನೊಂದರವರೆಗೆ ಕೂತು ನೀವು ಸಂಗ್ರಹಿಸುವ ಮಾಹಿತಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಶಿಕ್ಷಕರ ತರಬೇತಿಯಲ್ಲಿ ನಾನು ಕೇಳುವ ದೂರುಗಳಲ್ಲಿ ಇದೇ ಮೊದಲನೆಯದು.

ಮಾಹಿತಿ ಬೇಕಾಗಿರುವುದು ನಾಳೆಯ ಪಾಠಕ್ಕೆ. ಹಾಗಾಗಿ ಯಾವ ಪರೀಕ್ಷೆಯನ್ನೇ ಮಾಡಿ, ಮೊದಲು ಒಂದು ವಿಷಯ ಕೇಳಿಕೊಳ್ಳಿ: ಇದರ ಫಲಿತಾಂಶ ನೋಡಿ ನಾಳೆ ನಾನು ಏನನ್ನಾದರೂ ಬೇರೆ ಥರ ಮಾಡುತ್ತೇನಾ? ಇಲ್ಲ ಅಂತಾದರೆ ಅದು ದಾಖಲೆಗೆ ಮಾಡುವ ಪರೀಕ್ಷೆ. ದಾಖಲೆಯೂ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅದಕ್ಕೆ ಖರ್ಚು ಮಾಡುವ ಸಮಯ ಕಮ್ಮಿ ಇರಲಿ. ರೂಪಣಾತ್ಮಕ (ಪಾಠ ಬದಲಿಸಿಕೊಳ್ಳಲು ಮಾಡುವುದು), ಸಂಕಲನಾತ್ಮಕ (ದಾಖಲೆಗೆ ಮಾಡುವುದು) ಅಂತ ನಾವು ದಿನಾ ಹೇಳುವ ವ್ಯತ್ಯಾಸ ಇದೇ. 1967ರಲ್ಲಿ ಮೌಲ್ಯಮಾಪನ ತಜ್ಞ ಮೈಕೆಲ್ ಸ್ಕ್ರಿವೆನ್ ಈ ಭೇದ ಮಾಡಿದರು. ಆದರೆ ತಿಂಗಳ ಟೆಸ್ಟಿಗೆ ‘ರೂಪಣಾತ್ಮಕ’ ಅಂತ ಹೆಸರು ಬರೆದ ಮಾತ್ರಕ್ಕೆ ಅದು ರೂಪಣಾತ್ಮಕ ಆಗುವುದಿಲ್ಲ. ಅದೇ ಪೇಪರ್ ನೋಡಿ ನೀವು ಪಾಠ ಬದಲಿಸಿದರೆ ಆಗುತ್ತದೆ, ಅಂಕ ಪುಸ್ತಕಕ್ಕೆ ಏರಿಸಿ ಮುಂದೆ ಹೋದರೆ ಆಗುವುದಿಲ್ಲ.

‘ಆಯ್ತು’ ಅನ್ನುವ ಉತ್ತರ

ಮಕ್ಕಳು ಸುಳ್ಳು ಹೇಳುತ್ತಿಲ್ಲ. ನೀವು ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ಅವರಿಗೆ ಪ್ರತಿ ಹೆಜ್ಜೆಯೂ ಸರಿಯಾಗಿ ಕಾಣುತ್ತದೆ. ನೋಡಿ ಒಪ್ಪಿಕೊಳ್ಳುವುದು ಬೇರೆ, ತಾನೇ ಮಾಡುವುದು ಬೇರೆ. ಆ ವ್ಯತ್ಯಾಸ ದೊಡ್ಡವರಿಗೇ ಗೊತ್ತಾಗುವುದಿಲ್ಲ, ಹನ್ನೊಂದು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಜೊತೆಗೆ ನಲವತ್ತು ಜನರ ಮುಂದೆ ‘ಇಲ್ಲ’ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನೇ ಕೇಳಬೇಡಿ. ಮಗು ಏನಾದರೂ ಮಾಡಿ ತೋರಿಸಬೇಕಾದ ಪ್ರಶ್ನೆ ಕೇಳಿ.

ಇನ್ನೊಂದು ಅಭ್ಯಾಸವನ್ನೂ ಗಮನಿಸಿ. ಕೈ ಎತ್ತಿದವರನ್ನೇ ಕೇಳುತ್ತೇವೆ, ಅವರು ಸರಿಯಾಗಿ ಹೇಳುತ್ತಾರೆ, ತರಗತಿಗೆ ಬಂತು ಅಂದುಕೊಳ್ಳುತ್ತೇವೆ. ಬಂದಿದ್ದು ಐದಾರು ಜನಕ್ಕೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಅಳೆದರು. ಸುಮಾರು ಒಂದು ಸೆಕೆಂಡ್, ಅಷ್ಟೇ. ಮೂರು ಸೆಕೆಂಡ್ ಕಾದ ತರಗತಿಗಳಲ್ಲಿ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಅನ್ನುವುದು ಕಮ್ಮಿಯಾಯಿತು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ನಾಳೆ ಪ್ರಯತ್ನಿಸಿ ನೋಡಿ. ಮೂರು ಸೆಕೆಂಡಿನ ಮೌನ ತಡೆದುಕೊಳ್ಳುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಸೊನ್ನೆ ಅಂಕದ ಮೂರು ಮಕ್ಕಳು

403ರಲ್ಲಿ 178 ಕಳೆಯಲು ಕೊಟ್ಟಿದ್ದೀರಿ ಅಂದುಕೊಳ್ಳಿ. ಸರಿ ಉತ್ತರ 225. ಮೂರು ಮಕ್ಕಳು ತಪ್ಪು ಮಾಡಿದ್ದಾರೆ. ಒಬ್ಬನ ಉತ್ತರ 375, ಇನ್ನೊಬ್ಬಳದು 325, ಮತ್ತೊಬ್ಬನದು 235. ಮೂವರಿಗೂ ಸೊನ್ನೆ, ಮೂವರಿಗೂ ‘ಕಳೆಯುವ ಲೆಕ್ಕ ಅಭ್ಯಾಸ ಮಾಡು’ ಅನ್ನುವ ಒಂದೇ ಷರಾ.

ಈಗ ಒಂದೊಂದೇ ನೋಡೋಣ. 375 ಬರೆದವನು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ: ಎಂಟರಲ್ಲಿ ಮೂರು, ಏಳರಲ್ಲಿ ಸೊನ್ನೆ, ನಾಲ್ಕರಲ್ಲಿ ಒಂದು. ಮೇಲಿನದು ಯಾವುದು, ಕೆಳಗಿನದು ಯಾವುದು ಅನ್ನುವುದೇ ಅವನಿಗೆ ಮುಖ್ಯ ಅಲ್ಲ. ಅವನಿಗೆ ಸ್ಥಾನಬೆಲೆಯನ್ನು ಮೊದಲಿಂದ ಹೇಳಬೇಕು, ಕಡ್ಡಿ ಕಟ್ಟು ಕೊಟ್ಟು ಮಾಡಿಸಬೇಕು. 325 ಬರೆದವಳಿಗೆ ಸಾಲ ತೆಗೆದುಕೊಳ್ಳುವುದು ಗೊತ್ತು. ಮಧ್ಯದ ಸೊನ್ನೆಯನ್ನು ಒಂಬತ್ತು ಮಾಡಿದ್ದಾಳೆ, ಬಿಡಿಯಲ್ಲಿ ಹದಿಮೂರು ಮಾಡಿಕೊಂಡಿದ್ದಾಳೆ. ಆದರೆ ನೂರರ ಮನೆಯ ನಾಲ್ಕನ್ನು ಮೂರು ಮಾಡಿಲ್ಲ. ಅಂದರೆ ಆ ಒಂಬತ್ತು ಎಲ್ಲಿಂದ ಬಂತು ಅಂತ ಅವಳಿಗೆ ತಿಳಿದಿಲ್ಲ, ಹಾಗೆ ಬರೆಯಬೇಕು ಅಂತ ಮಾತ್ರ ನೆನಪಿದೆ. ಐದು ನಿಮಿಷದ ಮಾತು ಸಾಕು. 235 ಬರೆದವನಿಗೆ ಎಲ್ಲ ಗೊತ್ತು, ಒಂಬತ್ತರಲ್ಲಿ ಏಳು ಕಳೆದು ಮೂರು ಬರೆದುಬಿಟ್ಟಿದ್ದಾನೆ. ಅವನಿಗೆ ಏನೂ ಕಲಿಸಬೇಕಾಗಿಲ್ಲ, ಇನ್ನೊಮ್ಮೆ ನೋಡು ಅಂದರೆ ಮುಗಿಯಿತು.

ಹೀಗೆ ಕಳೆಯುವ ಲೆಕ್ಕದ ತಪ್ಪುಗಳಿಗೆ ಒಂದು ಕ್ರಮ ಇದೆ, ಎಷ್ಟೋ ಸಲ ಮಕ್ಕಳು ಮನಸ್ಸಿಗೆ ಬಂದಂತೆ ತಪ್ಪು ಮಾಡುವುದಿಲ್ಲ, ತಪ್ಪು ನಿಯಮವನ್ನು ಸರಿಯಾಗಿ ಪಾಲಿಸುತ್ತಾರೆ ಅಂತ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ತೋರಿಸಿದ್ದರು. ಅನುಭವಿ ಶಿಕ್ಷಕರಿಗೆ ಇದು ಕೈಗೆ ಬಂದ ವಿದ್ಯೆ. ಥರ್ಮಾಮೀಟರ್ ಜ್ವರ ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು ಯಾಕೆ ಬಂತು ಅಂತ ಹೇಳುವುದಿಲ್ಲ, ಅಂಕವೂ ಅಷ್ಟೇ.

ನಲವತ್ತು ಮಕ್ಕಳ ಪೇಪರನ್ನು ಹೀಗೆ ಬಿಡಿಸಿ ನೋಡಲು ಸಾಧ್ಯವಾ ಅಂತ ನೀವು ಕೇಳುತ್ತೀರಿ. ಇಡೀ ಪೇಪರ್ ಆಗುವುದಿಲ್ಲ. ಒಂದು ಲೆಕ್ಕ ಆಗುತ್ತದೆ. ತರಗತಿ ಮುಗಿಯಲು ಐದು ನಿಮಿಷ ಇರುವಾಗ ಒಂದೇ ಲೆಕ್ಕ ಕೊಡಿ, ಚೀಟಿಯಲ್ಲಿ ಮಾಡಿ ಕೊಟ್ಟು ಹೋಗಲಿ. ತಿದ್ದಬೇಡಿ, ಅಂಕ ಹಾಕಬೇಡಿ. ಬಂದ ಚೀಟಿಗಳನ್ನು ಗುಂಪು ಮಾಡಿ: ಬಂದವರು, ಕೈತಪ್ಪಿನವರು, ಬುಡದಲ್ಲೇ ಗೊಂದಲ ಇರುವವರು. ಅಭ್ಯಾಸವಾದ ಮೇಲೆ ಹತ್ತು ನಿಮಿಷದ ಕೆಲಸ. ಕೊನೆಯ ಗುಂಪು ದೊಡ್ಡದಿದ್ದರೆ ನಾಳೆ ಹೊಸ ಪಾಠ ಬೇಡ. ಚಿಕ್ಕದಿದ್ದರೆ ಉಳಿದವರಿಗೆ ಅಭ್ಯಾಸ ಕೊಟ್ಟು ಆ ಐದಾರು ಜನರ ಜೊತೆ ಕೂತುಕೊಳ್ಳಿ. ಅದೇ ಮಕ್ಕಳು ಪ್ರತಿಸಲ ಆ ಗುಂಪಿಗೆ ಬಿದ್ದರೆ ಉಳಿದವರು ಅದಕ್ಕೊಂದು ಹೆಸರಿಟ್ಟುಬಿಡುತ್ತಾರೆ ಅನ್ನುವ ಅಪಾಯ ಇದೆ. ಹಾಗಾಗಿ ಗುಂಪನ್ನು ಆಯಾ ಲೆಕ್ಕಕ್ಕೆ ಮಾತ್ರ ಮಾಡಿ, ಮಾರನೇ ದಿನ ಮುರಿಯಿರಿ.

ಚೀಟಿಗೂ ಸಮಯ ಇಲ್ಲವೆಂದರೆ ಪಾಠದ ಮಧ್ಯೆಯೇ ಒಂದು ಆಯ್ಕೆ ಪ್ರಶ್ನೆ ಕೇಳಿ, ಎಲ್ಲರೂ ಒಟ್ಟಿಗೆ ಬೆರಳು ಎತ್ತಿ ಉತ್ತರಿಸಲಿ. ಪ್ರಶ್ನೆ ಮಾತ್ರ ಯೋಚಿಸಿ ಬರೆದುಕೊಂಡು ಹೋಗಬೇಕು, ಸ್ಥಳದಲ್ಲೇ ಹೊಳೆಯುವುದಿಲ್ಲ. ಉದಾಹರಣೆಗೆ ದಶಮಾಂಶದಲ್ಲಿ 0.5 ದೊಡ್ಡದಾ, 0.45 ದೊಡ್ಡದಾ ಅಂತ ಕೇಳುತ್ತೇವೆ. 45 ಜಾಸ್ತಿ ಅಲ್ವಾ ಅಂದುಕೊಂಡ ಮಗು ಸಿಕ್ಕಿಬೀಳುತ್ತದೆ. ಆದರೆ ‘ಅಂಕಿ ಕಮ್ಮಿ ಇದ್ದರೆ ಸಂಖ್ಯೆ ದೊಡ್ಡದು’ ಅಂತ ತಪ್ಪು ತಿಳಿದ ಮಗು 0.5 ಅಂತಲೇ ಹೇಳುತ್ತದೆ. ಸರಿ ಉತ್ತರ, ತಪ್ಪು ಕಾರಣ. ಬದಲಿಗೆ 0.62, 0.6, 0.518 ಕೊಟ್ಟು ಯಾವುದು ದೊಡ್ಡದು ಕೇಳಿ. 518 ನೋಡಿದ ಮಗು ಮೂರನೆಯದು ಅನ್ನುತ್ತದೆ, ಚಿಕ್ಕದೇ ದೊಡ್ಡದು ಅನ್ನುವ ಮಗು ಎರಡನೆಯದು ಅನ್ನುತ್ತದೆ. ಬೆರಳು ನೋಡಿದ ಕೂಡಲೇ ಯಾರ ತಲೆಯಲ್ಲಿ ಏನಿದೆ ಗೊತ್ತಾಗುತ್ತದೆ. ಪಕ್ಕದವರನ್ನು ನೋಡಿ ಬೆರಳು ಬದಲಿಸುತ್ತಾರೆ, ನಿಜ. ಅದಕ್ಕೆ ಕಣ್ಣು ಮುಚ್ಚಿ ಎತ್ತಿಸಿ, ಇಲ್ಲವೇ ಮೊದಲು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆಯಲು ಹೇಳಿ.

ಟೆಸ್ಟ್ ಜಾಸ್ತಿ ಮಾಡಬೇಕಾ?

ಮುಖ್ಯ ಶಿಕ್ಷಕರ ಮಾತು ಪೂರ್ತಿ ತಪ್ಪಲ್ಲ. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡರೆ ಕಲಿಕೆ ಗಟ್ಟಿಯಾಗುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳು ಒಂದು ಪಠ್ಯವನ್ನು ಮತ್ತೆ ಓದಿದರು, ಉಳಿದವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ, ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಹೋಗಿದ್ದರು.

ಹಾಗಾದರೆ ಜಾಸ್ತಿ ಬೇಕಾಗಿರುವುದು ನೆನಪಿಸಿಕೊಳ್ಳುವ ಅವಕಾಶ, ಅಂಕದ ಪೇಪರ್ ಅಲ್ಲ. ಪ್ರತಿ ದಿನ ಪಾಠದ ಮೊದಲಿಗೆ ನಿನ್ನೆಯದು ಒಂದು, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು ಪ್ರಶ್ನೆ. ಮಕ್ಕಳೇ ಬರೆದು ಮಕ್ಕಳೇ ತಿದ್ದಿಕೊಳ್ಳಲಿ. ಅಂಕ ನಿಮಗೆ ಹೇಳುವುದೂ ಬೇಡ, ಪುಸ್ತಕಕ್ಕೆ ಏರಿಸುವುದೂ ಬೇಡ. ಏರಿಸಲು ಶುರು ಮಾಡಿದ ದಿನವೇ ಮಕ್ಕಳು ಪಕ್ಕದವರದು ನೋಡಲು ಶುರು ಮಾಡುತ್ತಾರೆ, ಆಮೇಲೆ ಆ ಉತ್ತರಗಳಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಮಡಚಿ ಬ್ಯಾಗಿಗೆ ಹೋಗುವ ಪೇಪರ್

ಇಸ್ರೇಲ್‌ನಲ್ಲಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿಮ್ಮ ಅನುಭವವನ್ನೇ ಹೇಳುತ್ತದೆ. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಬರಹದ ಸಲಹೆ ಮಾತ್ರ, ಕೆಲವರಿಗೆ ಎರಡೂ. ಸಲಹೆ ಮಾತ್ರ ಸಿಕ್ಕವರು ಸುಧಾರಿಸಿದರು. ಎರಡೂ ಸಿಕ್ಕವರು ಅಂಕ ಮಾತ್ರ ಸಿಕ್ಕವರ ಹಾಗೇ ಉಳಿದರು. ಅಂಕ ಕಂಡ ಮೇಲೆ ಸಲಹೆ ಯಾರೂ ಓದುವುದಿಲ್ಲ. ಅಂದರೆ ನಿಮ್ಮ ಕೆಂಪು ಪೆನ್ನಿನ ಅಷ್ಟೂ ಶ್ರಮವನ್ನು ಮೂಲೆಯಲ್ಲಿರುವ ಆ ಒಂದು ಸಂಖ್ಯೆ ನುಂಗಿಹಾಕುತ್ತಿದೆ.

ಹಾಗಂತ ಸಲಹೆ ಬರೆದ ಕೂಡಲೇ ಕೆಲಸ ಆಗುತ್ತದೆ ಅಂತಲೂ ಅಲ್ಲ. ಕ್ಲೂಗರ್ ಮತ್ತು ಡಿನೀಸಿ 1996ರಲ್ಲಿ ಇಂಥ ನೂರಾರು ಫಲಿತಾಂಶಗಳನ್ನು ಒಟ್ಟು ಮಾಡಿ ನೋಡಿದಾಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹಿಮ್ಮಾಹಿತಿ (ಫೀಡ್‌ಬ್ಯಾಕ್) ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ‘ಜಾಣೆ’, ‘ಗಮನ ಸಾಲದು’, ‘ಇನ್ನೂ ಪ್ರಯತ್ನಿಸು’ ಇವೆಲ್ಲ ಮಗುವಿನ ಬಗ್ಗೆ ಹೇಳುವ ಮಾತು, ಲೆಕ್ಕದ ಬಗ್ಗೆ ಅಲ್ಲ. ‘ಮೂರನೇ ಲೆಕ್ಕದಲ್ಲಿ ಒಂಬತ್ತು ಎಲ್ಲಿಂದ ಬಂತು ಅಂತ ಬರೆದು ತೋರಿಸು’ ಅಂದರೆ ಮಗುವಿಗೆ ಒಂದು ಕೆಲಸ ಸಿಗುತ್ತದೆ.

ನಾನು ಹೇಳುವುದು ಇಷ್ಟು. ಪೇಪರ್ ಕೊಡುವಾಗ ಅಂಕ ಬೇಡ, ತಪ್ಪಿನ ಪಕ್ಕ ಒಂದು ಚುಕ್ಕಿ ಸಾಕು. ಪ್ರತಿಯೊಬ್ಬರಿಗೂ ಒಂದೇ ಒಂದು ಕೆಲಸ ಬರೆಯಿರಿ. ತರಗತಿಯಲ್ಲೇ ಹದಿನೈದು ನಿಮಿಷ ಕೊಟ್ಟು ತಿದ್ದಿಸಿ. ಮನೆಗೆ ಕಳಿಸಿದರೆ ಆ ಕೆಲಸ ಆಗುವುದಿಲ್ಲ. ತಿದ್ದಿದ ಪೇಪರ್ ವಾಪಸ್ ಬಂದ ಮೇಲೆ ಅಂಕ ಹೇಳಿ. ಎರಡು ಮೂರು ದಿನದ ತಡ ಅಷ್ಟೇ, ಅಂಕ ತೆಗೆದುಹಾಕಿದಂತಲ್ಲ. ಹಾಗಾಗಿ ನಿಮ್ಮ ಭಯಕ್ಕೂ ಕಾರಣ ಇರುವುದಿಲ್ಲ. ಮೊದಮೊದಲು ಮಕ್ಕಳು ‘ಎಷ್ಟು ಬಂತು’ ಅಂತ ಪೀಡಿಸುತ್ತಾರೆ, ಒಂದೆರಡು ಸಲ ಆದ ಮೇಲೆ ಹೊಂದಿಕೊಳ್ಳುತ್ತಾರೆ. ನಿಮಗೂ ಬರೆಯುವುದು ಕಮ್ಮಿಯಾಗುತ್ತದೆ. ಎಲ್ಲ ತಪ್ಪನ್ನೂ ನೀವೇ ತಿದ್ದಿಕೊಟ್ಟರೆ ಯೋಚನೆ ಮಾಡಿದ್ದು ನೀವು, ಮಗು ಅಲ್ಲ.

ಮಕ್ಕಳೇ ಒಬ್ಬರದು ಒಬ್ಬರು ತಿದ್ದಲಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಸಲಹೆ ಬರೆಯಲು ಆಗಬಹುದು, ಅಂಕ ಕೊಡಲು ಬೇಡವೇ ಬೇಡ. ಊಟದ ಬಿಡುವಿನ ಹೊತ್ತಿಗೆ ಯಾರಿಗೆ ಎಷ್ಟು ಅಂತ ಇಡೀ ಶಾಲೆಗೆ ಗೊತ್ತಾಗಿರುತ್ತದೆ.

ಮಾತಾಡುವ ಹುಡುಗಿ, ಬಾಯಿಪಾಠದ ಹುಡುಗ

ಹುಡುಗಿಯ ವಿಷಯದಲ್ಲಿ ಎರಡು ಸಾಧ್ಯತೆ ಇದೆ, ಎರಡನ್ನೂ ಪರೀಕ್ಷಿಸಬೇಕು. ಮೊದಲನೆಯದು, ನಿಮ್ಮ ಪೇಪರ್ ವಿಜ್ಞಾನದ ಜೊತೆಗೆ ಬೇರೆ ಏನನ್ನೋ ಅಳೆಯುತ್ತಿದೆ: ಪ್ರಶ್ನೆ ಓದುವ ವೇಗ, ಕಾಗುಣಿತ, ಕೈಬರಹ, ಭಯ. ಒಂದು ಸಲ ಪ್ರಶ್ನೆಯನ್ನು ನೀವೇ ಓದಿ ಹೇಳಿ, ಅವಳು ಬರೆಯಲಿ. ಇನ್ನೊಂದು ಸಲ ಸಮಯದ ಮಿತಿ ಇಲ್ಲದೆ ಕೊಡಿ. ಮತ್ತೊಂದು ಸಲ ಚಿತ್ರ ಬರೆದು ಹೆಸರು ಗುರುತಿಸಲು ಹೇಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಯಾವುದರಲ್ಲಿ ಉತ್ತರ ಥಟ್ಟನೆ ಸುಧಾರಿಸುತ್ತದೋ ತೊಡಕು ಅಲ್ಲಿದೆ. ಓದು ಬರಹದ ತೊಂದರೆ ಎಲ್ಲ ವಿಷಯದಲ್ಲೂ ಇದೆ, ಬಹಳ ದಿನದಿಂದ ಇದೆ ಅಂತಾದರೆ ಕಲಿಕಾ ತೊಂದರೆ ಇರಬಹುದು. ಅದಕ್ಕೆ ಹೆಸರು ಕೊಡುವ ಕೆಲಸ ನಮ್ಮದಲ್ಲ. ಮನೆಯವರ ಜೊತೆ ಮಾತಾಡಿ, ಆ ಕ್ಷೇತ್ರದ ತಜ್ಞರ ಹತ್ತಿರ ಕಳಿಸಿ.

ಎರಡನೆಯ ಸಾಧ್ಯತೆ ಹೇಳಲು ಸ್ವಲ್ಪ ಕಷ್ಟ. ಚೆನ್ನಾಗಿ ಮಾತಾಡುವ ಮಗುವಿಗೆ ನಾವು ಗೊತ್ತಿಲ್ಲದೇ ಜಾಸ್ತಿ ಕ್ರೆಡಿಟ್ ಕೊಡುತ್ತೇವೆ. ಒಂದು ಗುಣ ಇಷ್ಟವಾದರೆ ಉಳಿದದ್ದೂ ಒಳ್ಳೆಯದಾಗಿ ಕಾಣುತ್ತದೆ ಅಂತ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಬರೆದಿದ್ದರು. ಆ ಹುಡುಗಿ ಅರ್ಧ ಹೇಳಿದಾಗ ಉಳಿದರ್ಧ ನೀವೇ ಪೂರ್ತಿ ಮಾಡುತ್ತಿರಬಹುದು. ಹಾಗಾಗಿ ಬಾಯಲ್ಲೂ ಹೊಸ ಪ್ರಶ್ನೆಯನ್ನೇ ಕೇಳಿ, ನಡುವೆ ಸಹಾಯ ಮಾಡಬೇಡಿ, ಏನು ಹೇಳಿದಳು ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ.

ಹುಡುಗನ ವಿಷಯದಲ್ಲಿ ತಪ್ಪು ಅವನದಲ್ಲ, ನಮ್ಮ ಪ್ರಶ್ನೆಗಳದ್ದು. ‘ದ್ಯುತಿಸಂಶ್ಲೇಷಣೆ ಎಂದರೇನು?’ ಅಂದರೆ ಅವನು ಅಲ್ಪವಿರಾಮ ಸಮೇತ ಬರೆಯುತ್ತಾನೆ. ‘ಇಷ್ಟು ದೊಡ್ಡ ಮರದ ತೂಕ ಎಲ್ಲಿಂದ ಬಂತು?’ ಅಂದರೆ ಮಣ್ಣಿನಿಂದ ಅನ್ನುತ್ತಾನೆ. ಇದಕ್ಕೊಂದು ಒಳ್ಳೆಯ ಪ್ರಶ್ನೆ ಇತಿಹಾಸದಲ್ಲೇ ಇದೆ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಅನ್ನುವವರು ತೂಗಿದ ಮಣ್ಣಿನಲ್ಲಿ ವಿಲೋ ಗಿಡ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದರು. ಗಿಡದ ತೂಕ 70 ಕಿಲೋಗಿಂತ ಜಾಸ್ತಿ ಹೆಚ್ಚಿತು, ಮಣ್ಣು ಕಮ್ಮಿಯಾಗಿದ್ದು 60 ಗ್ರಾಂನಷ್ಟೂ ಇಲ್ಲ. ಹಾಗಾಗಿ ಮರವೆಲ್ಲ ನೀರಿನಿಂದಲೇ ಆಗಿದೆ ಅಂತ ಅವರು ತೀರ್ಮಾನಿಸಿದರು. ಮಕ್ಕಳಿಗೆ ಇಷ್ಟು ಹೇಳಿ, ವಾನ್ ಹೆಲ್ಮಾಂಟ್ ಲೆಕ್ಕಕ್ಕೆ ತೆಗೆದುಕೊಳ್ಳದೇ ಬಿಟ್ಟಿದ್ದು ಏನು ಅಂತ ಕೇಳಿ. ಗಾಳಿ ಅಂತ ಹೇಳಲು ವ್ಯಾಖ್ಯಾನದ ಬಾಯಿಪಾಠ ಸಾಲುವುದಿಲ್ಲ.

ಆದರೆ ಇಂಥ ಪ್ರಶ್ನೆಯನ್ನು ಪರೀಕ್ಷೆಯಲ್ಲೇ ಮೊದಲ ಸಲ ಕೊಟ್ಟರೆ ಅದು ಮೋಸ. ಮೊದಲು ತರಗತಿಯಲ್ಲಿ ಇಂಥವನ್ನು ಅಭ್ಯಾಸ ಮಾಡಿಸಬೇಕು. ಅದೇ ಪ್ರಶ್ನೆಯನ್ನು ವರ್ಷವರ್ಷ ಕೇಳಿದರೆ ಅದಕ್ಕೂ ಒಂದು ಗೈಡ್ ಉತ್ತರ ಹುಟ್ಟಿಕೊಳ್ಳುತ್ತದೆ. ಬಾಯಿಪಾಠ ಪೂರ್ತಿ ಬೇಡ ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಮಗ್ಗಿ ಬರದ ಮಗು ಭಿನ್ನರಾಶಿಯಲ್ಲಿ ಒದ್ದಾಡುವುದನ್ನು ನೀವೂ ನೋಡಿರುತ್ತೀರಿ. ನೆನಪು ಬೇಕು, ಅದೊಂದನ್ನೇ ಅಳೆದು ನಿಲ್ಲಬಾರದು.

ಅಂಕದ ಮೇಲಿನ ನಂಬಿಕೆ

ನಿಮ್ಮ ಅನುಮಾನ ಸರಿಯಾಗೇ ಇದೆ. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಭಾಷಾ ಉತ್ತರಪತ್ರಿಕೆಯನ್ನು 142 ಶಿಕ್ಷಕರಿಂದ ತಿದ್ದಿಸಿದರು. ಕೊಟ್ಟ ಅಂಕ 100ಕ್ಕೆ 64ರಿಂದ 98ರವರೆಗೆ ಹರಡಿತ್ತು. ಅದು ಭಾಷೆ, ಅಲ್ಲಿ ಹಾಗೇ ಅಂತ ಎಲ್ಲರೂ ಅಂದರು. ಮರುವರ್ಷ ರೇಖಾಗಣಿತದ ಪೇಪರ್ ತಿದ್ದಿಸಿದರೆ ಅಂತರ ಇನ್ನೂ ದೊಡ್ಡದಾಯಿತು, 28ರಿಂದ 95. ಹಾಗಾಗಿ 62 ಮತ್ತು 65ರ ನಡುವೆ ಮಗುವಿನ ಕಲಿಕೆಯ ವ್ಯತ್ಯಾಸ ಹುಡುಕಬೇಡಿ.

ಇದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ, ಕಮ್ಮಿ ಮಾಡಬಹುದು. ಹೆಸರಿರುವ ಪುಟ ಮಡಚಿ ತಿದ್ದಿ. ಒಬ್ಬರ ಇಡೀ ಪೇಪರ್ ಮುಗಿಸಿ ಇನ್ನೊಬ್ಬರದಕ್ಕೆ ಹೋಗಬೇಡಿ, ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯದು, ಹೀಗೆ ತಿದ್ದಿ. ಯಾವುದಕ್ಕೆ ಎಷ್ಟು ಅಂಕ ಅಂತ ತಿದ್ದುವ ಮೊದಲೇ ಬರೆದಿಟ್ಟುಕೊಳ್ಳಿ. ಬೇಸರ ಬಂದಾಗ ನಿಲ್ಲಿಸಿ, ಹನ್ನೊಂದು ಗಂಟೆಗೆ ಕೈಗೆ ಬಂದ ಪೇಪರಿಗೂ ಎಂಟು ಗಂಟೆಯದಕ್ಕೂ ಒಂದೇ ನ್ಯಾಯ ಸಿಗುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದು ತರಗತಿ, ಒಂದು ವಿಷಯ, ವಾರಕ್ಕೆ ಎರಡು ಸಲ ಆ ಒಂದು ಲೆಕ್ಕದ ಚೀಟಿ, ಒಂದು ತಿಂಗಳು. ಅದರ ಜೊತೆ ತಿಂಗಳ ಟೆಸ್ಟಿನಲ್ಲಿ ಪ್ರಶ್ನೆಗಳನ್ನು ಕಮ್ಮಿ ಮಾಡಲು ಮುಖ್ಯ ಶಿಕ್ಷಕರನ್ನು ಕೇಳಿ. ಚೀಟಿಗಳ ಕಟ್ಟು ಮತ್ತು ನೀವು ಮಾಡಿದ ಗುಂಪುಗಳ ಪಟ್ಟಿ ಅವರ ಮುಂದಿಟ್ಟರೆ ಟೆಸ್ಟ್ ಕಮ್ಮಿ ಮಾಡಿದ್ದಾರೆ ಅನ್ನುವ ಆಕ್ಷೇಪ ಉಳಿಯುವುದಿಲ್ಲ, ದಾಖಲೆಯೂ ಸಿಕ್ಕಿರುತ್ತದೆ. ತಂದೆತಾಯಿ ಬಂದಾಗಲೂ ಅಂಕ ಹೇಳಿ, ಅದರ ಜೊತೆಗೆ ಮಗುವಿನ ಮೊದಲ ಪೇಪರ್ ಮತ್ತು ತಿದ್ದಿದ ಪೇಪರ್ ಅಕ್ಕಪಕ್ಕ ಇಡಿ. ‘ಸೊನ್ನೆ ಇರುವ ಕಳೆಯುವ ಲೆಕ್ಕ ಹೋದ ತಿಂಗಳು ಬರುತ್ತಿರಲಿಲ್ಲ, ಈಗ ಬರುತ್ತದೆ, ದಶಮಾಂಶ ಇನ್ನೂ ಬಂದಿಲ್ಲ’ ಅಂತ ಹೇಳಿ. ಮುಂದಿನ ಸಲ ಬಂದಾಗ ಅವರು ಬಹುಶಃ ದಶಮಾಂಶ ಬಂತಾ ಅಂತ ಕೇಳುತ್ತಾರೆ.